ಎಡವಟ್ಟು ಕಾಣೆಯಾದ ಬೆಳಗ್ಗೆ

"ಎಡವಟ್ಟು ಇಲ್ಲ!"

ಹಿತ್ತಲ ಗೋದಾಮಿನಿಂದ ಭಾವ ಕೂಗಿದ ಕೂಗಿಗೆ ನನ್ನ ಕೈಯಲ್ಲಿದ್ದ ಚಹಾದ ಲೋಟ ಅರ್ಧ ಖಾಲಿಯಾಯಿತು — ಕುಡಿದು ಅಲ್ಲ, ಚೆಲ್ಲಿ. ಎಲ್ಲೋ ಬೆಂಕಿಯೇ ಬಿತ್ತು ಎಂದುಕೊಂಡು ಓಡಿದೆ. ಭಾವ ಗೋದಾಮಿನ ಬಾಗಿಲಲ್ಲಿ ನಿಂತಿದ್ದರು. ಹಿಂದಿನ ದಿನ ಪಕ್ಕದ ಊರಿಗೆ ಗೇಟು ಕೂರಿಸಲು ಹೋದವರು, ಅಲ್ಲೇ ಉಳಿದು, ಬೆಳಗಿನ ಮೊದಲ ಬಸ್ಸಿಗೆ ಮರಳಿದ್ದರು. ಹೆಗಲ ಮೇಲಿನ ಚೀಲವನ್ನೂ ಇಳಿಸಿರಲಿಲ್ಲ.

"ಇಲ್ಲ ಅಂದ್ರೆ ಏನು ಭಾವ?"

"ಇಲ್ಲ ಅಂದ್ರೆ ಇಲ್ಲ ಕಣಮ್ಮಾ! ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ತೆಗೆದು ನೋಡಿದ್ರೆ ಜಾಗ ಖಾಲಿ!"

ನಾನು ಇಣುಕಿದೆ. ಸೋಫಾ ಇತ್ತು. ಕಪ್ಪೆ ಇತ್ತು. ಅವೆರಡರ ನಡುವೆ, ಎಡವಟ್ಟು ನಿಲ್ಲುತ್ತಿದ್ದ ಕಡೆ, ನೆಲದ ಮೇಲೆ ಎಣ್ಣೆಯ ಕಲೆ ಮಾತ್ರ ಉಳಿದಿತ್ತು.

ಇವೆಲ್ಲ ಏನೆಂದು ಹೇಳದೆ ಮುಂದೆ ಹೋದರೆ ನಿಮ್ಮ ತಲೆಗೆ ಹುಳ ಬಿಟ್ಟಂತಾಗುತ್ತದೆ. ನಮ್ಮ ಮನೆಯಲ್ಲಿ ಗಂಡಸರು ಇಬ್ಬರು. ಭಾವ ಗೇಟು, ಗ್ರಿಲ್ಲು ಬೆಸೆಯುವವರು. ಅವರ ತಮ್ಮ, ಅಂದರೆ ನಮ್ಮವರು, ಶಾಲೆಯಲ್ಲಿ ಭೂಗೋಳ ಕಲಿಸುವವರು. ಹೊರಗೆ ಇಬ್ಬರೂ ಮರ್ಯಾದಸ್ಥರು. ಗೋದಾಮಿಗೆ ಕಾಲಿಟ್ಟರೆ ಇಬ್ಬರಿಗೂ ಒಂದೇ ಹುಚ್ಚು — ಕೆಲಸಕ್ಕೆ ಬಾರದ ಸೈಕಲ್ ಕಟ್ಟುವುದು. ಗುಜರಿಯಿಂದ ಪೈಪು, ಚೈನು, ಗಾಲಿ ಹೊತ್ತು ತರುತ್ತಾರೆ. ಕೊಯ್ಯುತ್ತಾರೆ, ಬೆಸೆಯುತ್ತಾರೆ, ಬೈದಾಡುತ್ತಾರೆ. ಕೊನೆಗೆ ಏನೋ ಒಂದು ಹುಟ್ಟುತ್ತದೆ. ಸೋಫಾ ಎಂದರೆ ಮೂರು ಗಾಲಿಯ ಮೇಲೆ ನಿಜವಾದ ಸೋಫಾ. ಕಪ್ಪೆಯ ಗಾಲಿಗಳಿಗೆ ಅಚ್ಚು ನಡುವಿನಲ್ಲಿಲ್ಲ, ಒಂದು ಪಕ್ಕಕ್ಕಿದೆ. ಹತ್ತಿದವರು ಕುಪ್ಪಳಿಸಿಕೊಂಡೇ ಹೋಗಬೇಕು. ಒಂದರ ಮೇಲೂ ಕೂತು ತರಕಾರಿ ತರುವ ಹಾಗಿಲ್ಲ. "ಪ್ರಯೋಜನ ಏನ್ರೀ ಇದರಿಂದ?" ಎಂದು ಮದುವೆಯಾದ ಹೊಸತರಲ್ಲಿ ಕೇಳಿದ್ದೆ. "ಪ್ರಯೋಜನ ಇಲ್ಲದ್ದಕ್ಕೇ ಕಟ್ಟೋದು ಕಣೇ" ಎಂದಿದ್ದರು. ಅವತ್ತಿನಿಂದ ಕೇಳುವುದನ್ನು ಬಿಟ್ಟೆ.

ಎಡವಟ್ಟು ಇವುಗಳಲ್ಲೆಲ್ಲ ಮಹಾ ಕಿಲಾಡಿ. ನೋಡಲು ಮಾಮೂಲಿ ಸೈಕಲ್. ಆದರೆ ಹ್ಯಾಂಡಲ್ಲಿಗೂ ಮುಂದಿನ ಗಾಲಿ ಹಿಡಿದಿರುವ ಫೋರ್ಕಿಗೂ ನಡುವೆ ಎರಡು ಹಲ್ಲುಗಾಲಿ ಕೂರಿಸಿದ್ದರು. ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಗಾಲಿ ಬಲಕ್ಕೆ ಹೋಗುತ್ತದೆ, ಬಲಕ್ಕೆ ತಿರುಗಿಸಿದರೆ ಎಡಕ್ಕೆ. ಅಷ್ಟೇ ತಾನೆ ಅನ್ನಿಸುತ್ತದೆ. ಹತ್ತಿ ನೋಡಬೇಕು! ಸೈಕಲ್ ಬಲ್ಲ ಯಾರೇ ಹತ್ತಿದರೂ ಎರಡು ಮೊಳ ಹೋಗುವುದರೊಳಗೆ ನೆಲ ಕಚ್ಚುತ್ತಾರೆ. ನಾನು ಕಚ್ಚಿದ್ದೇನೆ. ನಮ್ಮವರು ಕಚ್ಚಿದ್ದಾರೆ. ಬೀದಿಯ ಅರ್ಧ ಜನ ಕಚ್ಚಿದ್ದಾರೆ.

ಓಡಿಸಬಲ್ಲವರು ಭಾವ ಒಬ್ಬರೇ. ಹಟ ಹಿಡಿದು ಕಲಿತರು. ಕಲಿತ ಮೇಲೆ ಇನ್ನೊಂದು ತಮಾಷೆಯಾಯಿತು. ಎಂದಿನಂತೆ ತಮ್ಮ ಹಳೇ ಸೈಕಲ್ ಹತ್ತಿ ಕೆಲಸಕ್ಕೆ ಹೊರಟವರು ಎದುರಿನ ತರಕಾರಿ ಗಾಡಿಗೆ ಹೋಗಿ ಗುದ್ದಿ, ಟೊಮೆಟೊ ರಾಶಿಯ ಮೇಲೆ ಅಂಗಾತ ಬಿದ್ದರು. ಆಮೇಲೆ ಕೆಲಸಕ್ಕೆ ನಡೆದೇ ಹೋಗುತ್ತಾರೆ. ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು. ನಕ್ಕು ಮರೆತೂ ಬಿಟ್ಟೆವು.

ಭಾನುವಾರ ಊರಿನ ಹುಚ್ಚು ಸೈಕಲ್‌ಗಳ ಸವಾರಿ. ವರ್ಷಕ್ಕೊಮ್ಮೆ ಇಂಥ ಸೈಕಲ್ ಕಟ್ಟಿದವರೆಲ್ಲ ನೀರಿನ ಟ್ಯಾಂಕಿನ ದಿಬ್ಬದ ಮೇಲೆ ಸೇರಿ, ಇಳಿಜಾರಿನಲ್ಲಿ ಒಬ್ಬರ ಹಿಂದೊಬ್ಬರು ಇಳಿದು ಬರುತ್ತಾರೆ. ಎಡವಟ್ಟಿನ ಮೇಲೆ ಆ ಇಳಿಜಾರು ಇಳಿಯುತ್ತೇನೆಂದು ಭಾವ ಊರಿಗೆಲ್ಲ ಸಾರಿದ್ದರು. ಈಗ ಶುಕ್ರವಾರ ಬೆಳಗ್ಗೆ ಎಡವಟ್ಟೇ ಮಾಯ!

"ಯಾರೂ ಗೋದಾಮಿನೊಳಗೆ ಕಾಲಿಡಬೇಡಿ."

ಹಿಂದಿನಿಂದ ಬಂದ ದನಿ ನಮ್ಮ ಅತ್ತೆಯದು. ಅವರು ಪೊಲೀಸ್ ಇಲಾಖೆಯಲ್ಲಿ ಕಳ್ಳತನಗಳನ್ನೇ ಹುಡುಕಿ ಹುಡುಕಿ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ಮಂಡಿ ನೋವು, ಮಧ್ಯಾಹ್ನದ ನಿದ್ದೆ, ಎರಡೂ ಈಚೆಗೆ ಜೋರಾಗಿವೆ. ಕಣ್ಣು ಮಾತ್ರ ಹಾಗೇ ಇದೆ. ನಾನು ಸಕ್ಕರೆ ಡಬ್ಬಿಗೆ ಕೈ ಹಾಕಿದರೆ ಬೆನ್ನು ತಿರುಗಿಸಿಕೊಂಡೇ ಕಂಡುಹಿಡಿಯುತ್ತಾರೆ.

"ಬೀಗ ಒಡೆದಿಲ್ಲ. ಕೀಲಿ ಎಲ್ಲಿತ್ತು?"

"ಅಡುಗೆಮನೆ ಬಾಗಿಲ ಹಿಂದೆ, ಮೊಳೆಗೆ" ಎಂದೆ.

"ಈಗಲೂ ಅಲ್ಲೇ ಇತ್ತಾ?"

"ನಾನು ತೊಗೊಂಡಿದ್ದೇ ಅಲ್ಲಿಂದ" ಎಂದರು ಭಾವ.

"ಹಾಗಾದ್ರೆ ಕಳ್ಳನಿಗೆ ನಮ್ಮ ಅಡುಗೆಮನೆ ಗೊತ್ತು" ಎಂದರು ಅತ್ತೆ. ಆ ಮಾತು ಯಾರಿಗೂ ಹಿತವಾಗಲಿಲ್ಲ.

ಹಿತ್ತಲ ಗೇಟು ದಾಟಿದರೆ ಓಣಿ. ರಸ್ತೆ ಕೆಲಸದವರು ಹಿಂದಿನ ಸಂಜೆ ಓಣಿಯ ಉದ್ದಕ್ಕೂ ತೆಳ್ಳಗೆ ಮರಳು ಹರಡಿ, ನೀರು ಚಿಮುಕಿಸಿ ಹೋಗಿದ್ದರು. ಅತ್ತೆ ಗೇಟಿನಲ್ಲೇ ನಿಂತು ಕೈ ಅಡ್ಡ ಹಿಡಿದರು.

"ನೋಡೇ. ಏನು ಕಾಣುತ್ತೆ?"

"ಸೈಕಲ್ ಗಾಲಿಯ ಗುರುತು."

"ಮತ್ತೆ?"

"ಮತ್ತೇನಿಲ್ಲ."

"ಅದೇ. ಮತ್ತೇನಿಲ್ಲ. ಪಕ್ಕದಲ್ಲಿ ಹೆಜ್ಜೆ ಗುರುತು ಇದೆಯಾ? ತಳ್ಕೊಂಡು ಹೋಗಿದ್ರೆ ಇರಬೇಕಿತ್ತು."

ಭಾವ ತಲೆಯಾಡಿಸಿದರು. "ತಳ್ಳೋಕೆ ಆಗಲ್ಲಮ್ಮ. ಹ್ಯಾಂಡಲ್ ಹಿಡಿದು ತಳ್ಳಿದ್ರೆ ಆ ಕಡೆ ಈ ಕಡೆ ತಿರುಗಿ ಕಾಲಿಗೇ ಬಂದು ಹೊಡೆಯುತ್ತೆ. ಎತ್ತೋದಕ್ಕೂ ಆಗಲ್ಲ. ಗೇಟಿನ ಪೈಪು ಹಾಕಿ ಕಟ್ಟಿದ್ದು, ಇಬ್ಬರು ಬೇಕು."

"ಅಂದ್ರೆ ಹತ್ತಿ ಓಡಿಸಿಕೊಂಡೇ ಹೋಗಿದಾರೆ" ಎಂದರು ಅತ್ತೆ. "ಗುರುತು ನೋಡು — ಎಷ್ಟು ನೆಟ್ಟಗಿದೆ. ಒಂದು ಕಡೆಯೂ ಓಲಾಡಿಲ್ಲ."

ಎಡವಟ್ಟನ್ನು ಓಡಿಸಬಲ್ಲವರು ಭಾವ ಒಬ್ಬರೇ. ಭಾವ ಊರಲ್ಲೇ ಇರಲಿಲ್ಲ. ಮತ್ತೆ ಓಡಿಸಿದ್ದು ಯಾರು?

ಭಾವ ಬಹಳ ಹೊತ್ತು ಮರಳನ್ನೇ ನೋಡಿದರು. ಆಮೇಲೆ ಮನೆಯ ಕಡೆ ತಿರುಗಿದರು. ನಮ್ಮವರು ಆಗಷ್ಟೇ ಶಾಲೆಗೆ ಹೊರಟು ಅಂಗಳಕ್ಕೆ ಬಂದಿದ್ದರು.

"ನೀನೇ ಅಲ್ವೇನೋ?"

"ಏನು ನಾನೇ?"

"ಮನೆಯವರೇ ಕೀಲಿ ತೆಗೆದಿರೋದು. ಎಡವಟ್ಟು ಜೊತೆ ದಿನಾ ಇರೋರು ನಾನೂ ನೀನೂ ಇಬ್ಬರೇ. ಕದ್ದು ಕಲಿತಿದೀಯ. ನಾನು ಇಳಿಜಾರು ಇಳೀಬಾರದು ಅಂತ ಹೊಟ್ಟೆಕಿಚ್ಚು ನಿಂಗೆ!"

"ಅಣ್ಣ, ಬಾಯಿಗೆ ಬಂದ ಹಾಗೆ ಮಾತಾಡಬೇಡ."

"ಆ ಬೆಸುಗೆ ವಿಷಯಕ್ಕೆ ಇನ್ನೂ ಸೇಡು ಇಟ್ಕೊಂಡಿದೀಯ."

ಆ ಬೆಸುಗೆಯ ವಿಷಯ ಇಷ್ಟು. ಎಡವಟ್ಟಿನ ಫೋರ್ಕಿನ ಮೇಲಿನ ಒಂದು ಬೆಸುಗೆಯನ್ನು ನಮ್ಮವರು ತಾವೇ ಹಾಕುತ್ತೇನೆಂದು ಹಟ ಮಾಡಿ ಹಾಕಿದ್ದರು. "ಭೂಗೋಳ ಮೇಷ್ಟ್ರ ಬೆಸುಗೆ! ಇದು ಬಿಟ್ಕೊಂಡ್ರೆ ನೀನು ಇನ್ನು ಗೋದಾಮಿನಲ್ಲಿ ಬೆಂಕಿ ಮುಟ್ಟಬೇಡ, ತಿಳಿತಾ?" ಎಂದಿದ್ದರು ಭಾವ. ಇಬ್ಬರೂ ಮುಖ ಗಂಟಿಕ್ಕಿಕೊಂಡು ಓಡಾಡಿ, ಮೊನ್ನೆಯಷ್ಟೇ ರಾಜಿಯಾಗಿದ್ದರು.

ನಮ್ಮವರು ಮಾತಿಗೆ ಮಾತು ಬೆಳೆಸಲಿಲ್ಲ. ಸುತ್ತಿಟ್ಟ ಭೂಪಟಗಳನ್ನು ಒಂದು ಕಂಕುಳಲ್ಲಿ ಅವುಚಿಕೊಂಡು, ಒಂದೇ ಕೈಯಲ್ಲಿ ಸೈಕಲ್ ಓಡಿಸಿಕೊಂಡು, ತಿರುವಿನಲ್ಲಿ ಮರೆಯಾದರು. ಭಾವ ಗೋದಾಮಿನೊಳಗೆ ಹೋದರು. ಕಬ್ಬಿಣಕ್ಕೆ ಗುರುತು ಹಾಕುವ ಸೀಮೆಸುಣ್ಣ ತೆಗೆದು ನೆಲದ ಮೇಲೆ ಈ ಗೋಡೆಯಿಂದ ಆ ಗೋಡೆಗೆ ಗೆರೆ ಎಳೆದರು. ಸೋಫಾದ ಎರಡು ಗಾಲಿ ಈ ಕಡೆ, ಒಂದು ಗಾಲಿ ಆ ಕಡೆ ಬಿತ್ತು.

"ಸೋಮವಾರ ಇಟ್ಟಿಗೆ ತರಿಸ್ತೀನಮ್ಮ" ಎಂದರು. "ಇಲ್ಲಿ ಗೋಡೆ. ಆಮೇಲೆ ಮನೆಗೂ."

ಅತ್ತೆ ಒಳಗೆ ಬಂದು ಕುರ್ಚಿಯಲ್ಲಿ ಕೂತರು.

"ಇಬ್ಬರೂ ಚಿಕ್ಕಂದಿನಿಂದ ಕಿತ್ತಾಡ್ತಾನೇ ಇದಾರೆ" ಎಂದರು. "ಕಿತ್ತಾಡಿದ್ರೆ ನಂಗೆ ನಿಶ್ಚಿಂತೆ. ಇವತ್ತು ಚಿಕ್ಕವನು ತಿರುಗಿ ಬೈಲಿಲ್ಲ, ನೋಡಿದ್ಯಾ? ಸುಮ್ಮನೆ ಹೋದ. ಭಾನುವಾರದೊಳಗೆ ಆ ಸೈಕಲ್ ಸಿಗಲೇಬೇಕು ಕಣೇ. ಇಲ್ಲಾಂದ್ರೆ ನಂಗೆ ಮಕ್ಕಳು ಇಬ್ಬರಿದ್ದೂ ಮನೆ ಎರಡಾಗುತ್ತೆ."

ನಾನು ಬಸ್ ಡಿಪೋದ ಗುಮಾಸ್ತೆ. ಅವತ್ತು ರಜೆ ಹಾಕಿದೆ. ಇಂಥದ್ದು ಬಿಟ್ಟು ಟಿಕೆಟ್ ಲೆಕ್ಕ ಮಾಡುತ್ತಾ ಕೂರಲು ನನಗೇನು ತಲೆ ಕೆಟ್ಟಿದೆಯೇ?

ಮೊದಲು ಬಂದವನು ಚಾಳೀಸು. ಮುಖ್ಯರಸ್ತೆಯಲ್ಲಿ ಅವನದು ಕನ್ನಡಕದ ಅಂಗಡಿ. ಹಳಬರು ಕನ್ನಡಕಕ್ಕೆ ಚಾಳೀಸು ಎನ್ನುತ್ತಾರಲ್ಲ, ಆ ಹೆಸರು ಅದರಿಂದ ಬಂದದ್ದು. ಅವನೂ ಹುಚ್ಚು ಸೈಕಲ್ ಕಟ್ಟುವವನೇ, ಭಾವನ ಗೆಳೆಯ, ಎದುರಾಳಿ ಕೂಡ. ಎಡವಟ್ಟಿನ ಮೇಲೆ ಅವನಿಗೆ ಮೊದಲ ದಿನದಿಂದ ಕಣ್ಣು. ಸಾಲದ್ದಕ್ಕೆ ಅವನ ಬಳಿ ಒಂದು ವ್ಯಾನೂ ಇದೆ. ನನ್ನ ಪಾಲಿಗೆ ಕೇಸು ಅಲ್ಲಿಗೇ ಮುಗಿದಿತ್ತು.

ವಿಚಾರಣೆಗೆ ಅತ್ತೆಯದು ಒಂದು ಪದ್ಧತಿ. ಎದುರಿಗೆ ಕೂತವರ ಕೈಗೆ ಏನಾದರೂ ಕೆಲಸ ಕೊಡುತ್ತಾರೆ. ಚಾಳೀಸಿನ ಮುಂದೆ ಒಂದು ಮೊರ ಬಟಾಣಿ ಇಟ್ಟರು.

"ಬಿಡಿಸಪ್ಪಾ. ನಿನ್ನೆ ಸಂಜೆಯಿಂದ ಎಲ್ಲಿದ್ದೆ?"

"ಮನೇಲೇ ಅಮ್ಮ. ಭಾನುವಾರಕ್ಕೆ ನನ್ನ ಸೈಕಲ್‌ಗೆ ಬಣ್ಣ ಹೊಡೀತಿದ್ದೆ. ನಮ್ಮನೆಯವಳನ್ನ ಕೇಳಿ, ಮನೆ ತುಂಬಾ ವಾಸನೆ ಅಂತ ಇನ್ನೂ ಬೈತಿದಾಳೆ."

"ಎಡವಟ್ಟು ಮೇಲೆ ನಿಂಗೆ ಆಸೆ ಇತ್ತಲ್ಲ?"

"ಆಸೆ ಯಾರಿಗಿಲ್ಲಮ್ಮ? ಆದರೆ ಕದ್ದು ಏನು ಮಾಡ್ಲಿ? ಊರಿಗೆಲ್ಲ ಗೊತ್ತಿರೋ ಸೈಕಲ್ಲು. ಹೋದ ತಿಂಗಳು ಹತ್ತಿ ನಿಮ್ಮ ಗುಲಾಬಿ ಗಿಡದ ಮೇಲೇ ಬಿದ್ದೆನಲ್ಲ, ಮುಳ್ಳು ಕೀಳೋವಾಗ ನೀವೇ ಚಿಮಟ ಹಿಡಿದಿದ್ರಿ!"

"ಇವತ್ತು ಹೇಗೆ ಬಂದೆ?"

"ಸೈಕಲ್‌ನಲ್ಲಿ. ಮಾಮೂಲಿ ಸೈಕಲ್ಲು. ಯಾಕಮ್ಮ?"

"ಸುಮ್ಮನೆ ಕೇಳಿದೆ. ಬಟಾಣಿ ಮುಗಿಸಿ ಹೋಗು."

ಅವನು ಹೋದ ಮೇಲೆ ನಾನು ತಡೆಯಲಾರದೆ ಕೇಳಿದೆ: "ಅವನೇ ಅಲ್ವಾ ಅತ್ತೆ? ವ್ಯಾನು ಇದೆ!"

"ವ್ಯಾನು ಓಣಿಯೊಳಗೆ ಬಂದಿದ್ರೆ ಮರಳಿನ ಮೇಲೆ ಅದರ ಗುರುತು ಎಲ್ಲೇ? ಟಾರು ರಸ್ತೆವರೆಗೂ ಸೈಕಲ್ ಗುರುತೇ ಹೋಗಿದೆ. ವ್ಯಾನಿದ್ದವನಿಗೂ ಮೊದಲು ಎಡವಟ್ಟು ಓಡಿಸೋಕೆ ಬರಬೇಕು."

ಮಧ್ಯಾಹ್ನದ ಹೊತ್ತಿಗೆ ಅಕ್ಕ ಬಂದಳು. ಅಕ್ಕ ಎಂದರೆ ನನ್ನ ಓರಗಿತ್ತಿ, ಭಾವನ ಹೆಂಡತಿ. ಆರೋಗ್ಯ ಕೇಂದ್ರದಲ್ಲಿ ನರ್ಸು. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರಿಗೆ ಇಂಜೆಕ್ಷನ್ನು, ಡ್ರೆಸ್ಸಿಂಗು ಮಾಡುವವಳು. ಮದುವೆಗೆ ಮುಂಚಿನಿಂದಲೂ ಸೈಕಲ್ಲೇ ಅವಳ ಕಾಲು. ಅವತ್ತು ಬೆಳಕು ಹರಿಯುವ ಮುಂಚೆಯೇ, ಯಾರಿಗೋ ಇಂಜೆಕ್ಷನ್ ಇದೆಯೆಂದು ಹೊರಟುಹೋಗಿದ್ದಳು. ಈಗ ಬಸ್ ಇಳಿದು ನಡೆದು ಬಂದಿದ್ದಳು. ಮೊಣಕೈ ಮೇಲೆ ಹಳೆಯ ಪಟ್ಟಿ ಇನ್ನೂ ಇತ್ತು.

"ಇನ್ನೂ ವಾಸಿಯಾಗಿಲ್ವಾ ಅಕ್ಕ? ಬೇರೆಯವರಿಗೆ ಔಷಧಿ ಹಚ್ಚೋಳು ನೀನು!" ಎಂದು ಕಿಚಾಯಿಸಿದೆ.

"ನಾಯಿ ಅಡ್ಡ ಬಂತು ಅಂದ್ನಲ್ಲೇ, ಬಲವಾಗೇ ಬಿದ್ದೆ" ಎಂದಳು. ಮುಖ ಬಾಡಿತ್ತು. ವಿಷಯ ತಿಳಿಸಿದೆವು. ಗೆರೆಯ ಮಾತು ಬಂದಾಗ ಅವಳು ಬಾಗಿಲು ಹಿಡಿದುಕೊಂಡಳು.

"ಗೋಡೆ ಹಾಕ್ತಾರಂತಾ? ಅಣ್ಣತಮ್ಮ ಬೇರೆ ಆಗ್ತಾರಾ?"

"ಹಾಗಂತಿದಾನೆ" ಎಂದರು ಅತ್ತೆ, ಬಟಾಣಿಯ ಮೊರ ಅವಳ ಕಡೆ ಸರಿಸುತ್ತಾ. "ಬೆಳಗ್ಗೆ ಹೊರಡೋವಾಗ ಓಣಿಯಲ್ಲಿ ಯಾರನ್ನಾದ್ರೂ ಕಂಡ್ಯಾ?"

"ಇಲ್ಲ ಅತ್ತೆ."

"ಗೋದಾಮಿನ ಬಾಗಿಲು?"

"ನಾನು ಅತ್ತ ನೋಡ್ಲಿಲ್ಲ" ಎಂದಳು. ಒಂದು ಕಾಯಿ ಬಿಡಿಸಿ, ಕಾಳು ಕಸಕ್ಕೆ ಹಾಕಿ ಸಿಪ್ಪೆಯನ್ನು ಪಾತ್ರೆಗೆ ಹಾಕಿದಳು. ಪಾಪ, ಗಂಡನ ಚಿಂತೆ ಎಂದುಕೊಂಡೆ.

ಶನಿವಾರವೂ ಅಣ್ಣತಮ್ಮ ಮಾತಾಡಲಿಲ್ಲ. ಒಬ್ಬರು ಊಟಕ್ಕೆ ಬಂದರೆ ಇನ್ನೊಬ್ಬರು ಎದ್ದು ಹೋದರು. ಗೋದಾಮಿನಿಂದ ಸುತ್ತಿಗೆಯ ಸದ್ದಿಲ್ಲ, ಬೈಗುಳವಿಲ್ಲ. ಆ ಮೌನಕ್ಕಿಂತ ಗಲಾಟೆಯೇ ವಾಸಿ ಅನ್ನಿಸಿತು. ನಾನು ಸುಮ್ಮನೆ ಕೂರಲಾಗದೆ ಪೊರಕೆ ಹಿಡಿದು ವರಾಂಡ ಗುಡಿಸಿದೆ. ಅಕ್ಕನ ಸೈಕಲ್ ಅಡ್ಡ ನಿಂತಿತ್ತು. ಸರಿಸಲು ಹೋದರೆ ಕೈಗೆಲ್ಲ ಜೇಡರ ಬಲೆ ಮೆತ್ತಿಕೊಂಡಿತು.

"ಥೂ!" ಎಂದು ಸೆರಗಿಗೆ ಒರೆಸಿಕೊಂಡೆ.

"ಏನದು?" ಎಂದರು ಕುರ್ಚಿಯಲ್ಲಿ ಕೂತಿದ್ದ ಅತ್ತೆ.

"ಜೇಡರ ಬಲೆ ಅತ್ತೆ. ಈ ಮನೇಲಿ ಎಷ್ಟು ಗುಡಿಸಿದ್ರೂ ಅಷ್ಟೇ."

"ಎಲ್ಲಿತ್ತು?"

"ಇಲ್ಲೇ, ಸೈಕಲ್‌ಗೆ."

ಅತ್ತೆ ಎದ್ದು ಬಂದರು. ಮಂಡಿ ನೋವು ಮರೆತು, ಬಗ್ಗಿ, ಆ ಸೈಕಲ್ಲಿನ ಗಾಲಿಗೂ ಗೋಡೆಗೂ ನಡುವೆ ಉಳಿದಿದ್ದ ಎಳೆಗಳನ್ನು ನೋಡಿದರು. ಆಮೇಲೆ ಅವರ ಮುಖದ ಮೇಲೆ ನಗು ಬಂತು. ಶುಕ್ರವಾರದಿಂದ ಮೊದಲ ಸಲ.

"ಸಂಜೆ ಚಾಳೀಸುಗೂ ಬರಹೇಳು" ಎಂದರು. "ಎಲ್ಲರೂ ಅಂಗಳದಲ್ಲಿ ಇರಬೇಕು."

ಸಂಜೆ ಬಿಸಿಲು ಇಳಿಯುತ್ತಿದ್ದಂತೆ ಎಲ್ಲರೂ ಸೇರಿದೆವು. ಭಾವ ಬಾವಿಕಟ್ಟೆಯ ಕಡೆ, ನಮ್ಮವರು ಎದುರು ಮೂಲೆಯಲ್ಲಿ. ನಡುವೆ ಅತ್ತೆ, ಅವರ ಪಕ್ಕದಲ್ಲಿ ಅಕ್ಕನ ಸೈಕಲ್ಲು.

"ಚಾಳೀಸು, ಇದನ್ನ ಹತ್ತಿ ಅಂಗಳ ಒಂದು ಸುತ್ತು ಹಾಕು."

"ಇದನ್ನಾ? ಇದು ಮಾಮೂಲಿ ಸೈಕಲ್ ಅಲ್ವಾಮ್ಮ?"

"ಹತ್ತಪ್ಪಾ."

ಚಾಳೀಸು ಸುತ್ತು ಹಾಕಿದ. ಆಮೇಲೆ ನನಗೆ ಹೇಳಿದರು, ನಾನೂ ಹಾಕಿದೆ. ನಮ್ಮವರು ಬೇಡದ ಮುಖ ಹಾಕಿಕೊಂಡು ಹತ್ತಿ, ಒಂದು ಸುತ್ತು ಹಾಕಿ, ಇಳಿದರು.

"ಏನಮ್ಮ ಇದು, ಸರ್ಕಸ್ಸಾ?" ಎಂದರು ಭಾವ.

"ನಿನ್ನ ಸರದಿ ಬೇಡ ಬಿಡು, ಟೊಮೆಟೊ ಬೆಲೆ ಜಾಸ್ತಿಯಾಗಿದೆ" ಎಂದ ಅತ್ತೆ ಮೆಲ್ಲಗೆ ಪಕ್ಕಕ್ಕೆ ತಿರುಗಿದರು. "ದೊಡ್ಡವಳೇ, ನೀನು ಹತ್ತು."

ಅಕ್ಕ ಹ್ಯಾಂಡಲ್ ಹಿಡಿದಳು. ಅವಳದೇ ಸೈಕಲ್ಲು. ಒಂದು ಕಾಲು ಪೆಡಲ್ಲಿನ ಮೇಲಿಟ್ಟಳು. ಹಾಗೇ ನಿಂತಳು. ಅವಳ ಕಣ್ಣು ತುಂಬಿ ಬಂದದ್ದು ನನಗೆ ಕಾಣಿಸಿತು.

"ಬೇಡ ಅತ್ತೆ. ಬಿದ್ದುಬಿಡ್ತೀನಿ."

ಅತ್ತೆ ಅವಳ ಕೈಯಿಂದ ಸೈಕಲ್ ತೆಗೆದು ಗೋಡೆಗೆ ಒರಗಿಸಿದರು.

"ನೀವೆಲ್ಲ ಒಂದೇ ಪ್ರಶ್ನೆ ಹಿಡ್ಕೊಂಡು ಕೂತಿದ್ರಿ — ಎಡವಟ್ಟು ಓಡಿಸೋದು ಯಾರಿಗೆ ಬರುತ್ತೆ? ನಾನೂ ಮೊದಲು ಅದನ್ನೇ ಕೇಳ್ಕೊಂಡೆ. ಉತ್ತರ ಸಿಗಲಿಲ್ಲ. ಆಮೇಲೆ ಪ್ರಶ್ನೆ ಬದಲಾಯಿಸಿದೆ. ಮಾಮೂಲಿ ಸೈಕಲ್ ಓಡಿಸೋದು ಯಾರಿಗೆ ಮರೆತಿದೆ?"

ಭಾವನ ಬಾಯಿ ತೆರೆದುಕೊಂಡಿತು.

"ದೊಡ್ಡೋನು ಎಡವಟ್ಟು ಕಲಿತಾಗ ಏನಾಯ್ತು? ಮಾಮೂಲಿ ಸೈಕಲ್ ಕೈಕೊಡ್ತು. ಕೈಗೆ ಎಡವಟ್ಟಿನ ಅಭ್ಯಾಸ ಬಂದ್ರೆ ಹಳೇದು ಹೋಗುತ್ತೆ. ನಾವು ನಕ್ಕು ಮರೆತ್ವಿ. ಚಿಕ್ಕೋನು ನಿನ್ನೆ ಬೆಳಗ್ಗೆ ಭೂಪಟ ಕಂಕುಳಲ್ಲಿಟ್ಕೊಂಡು ಒಂದೇ ಕೈಯಲ್ಲಿ ಓಡಿಸ್ಕೊಂಡು ಹೋದ — ಅವನಲ್ಲ. ಚಾಳೀಸು ಸೈಕಲ್ ಮೇಲೇ ಬಂದ — ಅವನೂ ಅಲ್ಲ. ಮನೇಲಿ ದಿನಾ ಸೈಕಲ್ ಹತ್ತೋಳು ಒಬ್ಬಳು ನಾಯಿ ಅಡ್ಡ ಬಂತು ಅಂತ ಬಿದ್ದಳು. ಅವಳು ಇಷ್ಟು ವರ್ಷದಲ್ಲಿ ಒಂದು ಸಲವೂ ಬಿದ್ದವಳಲ್ಲ. ಬಿದ್ದ ಮೇಲೆ ಬಸ್ಸು ಹಿಡಿದಳು. ಸೈಕಲ್‌ಗೆ ಜೇಡ ಬಲೆ ಕಟ್ತು. ದಿನಾ ಓಡೋ ಗಾಲಿಗೆ ಜೇಡ ಎಲ್ಲಿ ಬಲೆ ಕಟ್ಟುತ್ತೆ? ಬಲೆ ಕೈಗೆ ಮೆತ್ತಿಕೊಂಡ್ರೂ ಈ ನನ್ನ ಚಿಕ್ಕ ಸೊಸೆ ಥೂ ಅಂದಳೇ ಹೊರತು ಯಾಕೆ ಅನ್ನಲಿಲ್ಲ."

ನಾನು ತಲೆ ತಗ್ಗಿಸಿದೆ. ಆದರೂ ಆ ಹೊತ್ತಿನಲ್ಲಿ ಅದನ್ನು ಎತ್ತಿ ಆಡಬೇಕಿತ್ತೇ?

"ಎಲ್ಲಿ ಕಲಿತ್ಯೇ?" ಅತ್ತೆಯ ದನಿ ಮೆತ್ತಗಾಗಿತ್ತು.

"ಗೋದಾಮಿನೊಳಗೇ. ಉದ್ದ ಇದೆಯಲ್ಲ. ಮಧ್ಯಾಹ್ನ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಬಿಡುವು ಸಿಗುತ್ತೆ. ಮನೇಲಿ ಯಾರೂ ಇರಲ್ಲ. ನೀವು ಮಲಗಿರ್ತೀರಿ."

"ನೋಡಿದ್ರಾ? ನನ್ನ ಮೂಗಿನಡಿಯಲ್ಲೇ! ನಾನು ಗೊರಕೆ ಹೊಡೀತಿದ್ದೆ!" ಎಂದರು ಅತ್ತೆ. ಚಾಳೀಸು ಕಿಸಕ್ಕನೆ ನಕ್ಕು, ಯಾರೂ ನಗದಿದ್ದುದನ್ನು ನೋಡಿ, ಕೆಮ್ಮಿದ.

ಭಾವ ಎದ್ದು ಬಂದರು. "ನೀನಾ? ಎಡವಟ್ಟನ್ನ ನೀನು ಓಡಿಸ್ತೀಯಾ?"

"ಯಾಕೆ ಓಡಿಸಬಾರದು? 'ನಾನು ಬಿಟ್ರೆ ಇದನ್ನ ಓಡಿಸೋರು ಇನ್ನೂ ಹುಟ್ಟಿಲ್ಲ' ಅಂತ ದಿನಾ ಕೊಚ್ಚಿಕೋತಿದ್ರಿ. ಭಾನುವಾರ ನೀವು ದಿಬ್ಬ ಇಳಿದು ಬಂದ ಮೇಲೆ, ಎಲ್ಲರ ಮುಂದೆ ನಿಮ್ಮ ಕೈಯಿಂದ ಕಿತ್ಕೊಂಡು ನಾನೊಂದು ಸುತ್ತು ಹಾಕಬೇಕು ಅಂತಿದ್ದೆ. ನಿಮ್ಮ ಮುಖ ನೋಡೋ ಆಸೆ ಇತ್ತು."

"ಮತ್ತೆ ಕದ್ದಿದ್ದು ಯಾಕೆ?"

ಅಕ್ಕ ನಮ್ಮವರ ಕಡೆ ನೋಡಿದಳು.

"ನೀವು ಊರಿಗೆ ಹೋದ ಮಧ್ಯಾಹ್ನ ಓಡಿಸ್ತಿದ್ದೆ. ತಿರುಗಿಸೋವಾಗ ಫೋರ್ಕಿನ ಹತ್ತಿರ ಕರ್ ಅಂತ ಸದ್ದು ಬಂತು. ಎಣ್ಣೆ ಒರೆಸಿ ನೋಡ್ದೆ. ಬಿರುಕು ಬಿಟ್ಟಿತ್ತು ರೀ. ಕೂದಲೆಳೆಯಷ್ಟು. ಮೈದುನ ಬೆಸುಗೆ ಹಾಕಿದ ಜಾಗದಲ್ಲೇ."

ನಮ್ಮವರ ಮುಖದಲ್ಲಿ ರಕ್ತವೇ ಇರಲಿಲ್ಲ.

"ಹೇಳಿದ್ರೆ ಅಣ್ಣತಮ್ಮನ ನಡುವೆ ಏನಾಗುತ್ತೆ ಅಂತ ಗೊತ್ತಿತ್ತು. ಮೊನ್ನೆ ತಾನೆ ರಾಜಿ ಆಗಿದ್ರಿ. ಹೇಳದಿದ್ರೆ ನೀವು ಅದನ್ನೇ ಹತ್ತಿ ದಿಬ್ಬ ಇಳೀತಿದ್ರಿ. ಭಾನುವಾರ ಕಳೆಯೋವರೆಗೂ ಕಾಣದಿದ್ರೆ ಸಾಕು ಅಂತ ಆರೋಗ್ಯ ಕೇಂದ್ರದ ಹಿಂದಿನ ಕೋಣೇಲಿ, ಮುರಿದ ಗಾಲಿಕುರ್ಚಿಗಳ ಮಧ್ಯೆ ಇಟ್ಟೆ. ನೆಲ ಮಟ್ಟವಾಗಿರೋ ದಾರೀಲೇ ಮೆಲ್ಲಗೆ ಹೋದೆ. ಜಗಳ ತಪ್ಪಿಸೋಕೆ ಹೋಗಿ ಇಷ್ಟು ದೊಡ್ಡ ಜಗಳ ತಂದೆ. ನಿನ್ನೆಯಿಂದ ಹೇಳೋಣ ಹೇಳೋಣ ಅಂತ ಬಾಯಿ ತೆಗೀತಿದೀನಿ. ಆ ಗೆರೆ ನೋಡಿದ್ರೆ ಧೈರ್ಯ ಸಾಲಲ್ಲ." ಇಷ್ಟು ಹೇಳಿ ಅಕ್ಕ ಅತ್ತುಬಿಟ್ಟಳು. ನನಗೂ ಅಳು ಬಂತು.

ಭಾವ ಯಾರನ್ನೂ ನೋಡಲಿಲ್ಲ. "ಚಾಳೀಸು, ವ್ಯಾನು ತಾ" ಎಂದರು.

ಎಡವಟ್ಟು ಗೋದಾಮಿಗೆ ಮರಳಿದಾಗ ಇನ್ನೂ ಬೆಳಕಿತ್ತು. ಇಳಿಸಿ, ಬಾಗಿಲಲ್ಲೇ ತಲೆಕೆಳಗಾಗಿ ನಿಲ್ಲಿಸಿದರು. ಭಾವ ಮಂಡಿಯೂರಿ ಕೂತರು. ಬಟ್ಟೆಯಿಂದ ಒರೆಸಿದರು. ಉಗುರಿನಿಂದ ಗೀರಿದರು. ಆಮೇಲೆ ಸಣ್ಣ ಸುತ್ತಿಗೆಯಿಂದ ಟಿಣ್ ಟಿಣ್ ಎಂದು ತಟ್ಟುತ್ತಾ ಹೋದರು. ನಮ್ಮವರು ದೂರದಲ್ಲಿ, ಸೀಮೆಸುಣ್ಣದ ಗೆರೆಯ ಆಚೆ, ತೀರ್ಪು ಕೇಳುವವರ ಹಾಗೆ ನಿಂತಿದ್ದರು. ಅತ್ತೆ ನನ್ನ ಕೈ ಹಿಡಿದುಕೊಂಡರು, ನೋಯುವಷ್ಟು ಬಿಗಿಯಾಗಿ.

ಸುತ್ತಿಗೆ ಒಂದು ಕಡೆ ಟಿಣ್ ಎನ್ನಲಿಲ್ಲ. ಟಪ್ ಎಂದಿತು. ಭಾವ ಇನ್ನೊಮ್ಮೆ ತಟ್ಟಿದರು. ಬಿರುಕು ಬಾಯಿ ಬಿಟ್ಟು, ಒಳಗಿನಿಂದ ಕೆಂಪು ತುಕ್ಕಿನ ಪುಡಿ ನೆಲಕ್ಕೆ ಉದುರಿತು.

"ಬಾರೋ ಇಲ್ಲಿ" ಎಂದರು.

ನಮ್ಮವರು ಗೆರೆ ದಾಟಲಿಲ್ಲ.

"ಬಾರೋ ಅಂದ್ನಲ್ಲ! ನೋಡು. ನಿನ್ನ ಬೆಸುಗೆ ಬಿಟ್ಟಿಲ್ಲ ಕಣೋ. ಗಟ್ಟಿಯಾಗಿದೆ. ಅದರ ಪಕ್ಕದಲ್ಲಿ ಪೈಪೇ ಒಡೆದಿದೆ. ಒಳಗೆಲ್ಲ ತುಕ್ಕು. ಈ ಪೈಪು ಗುಜರಿಯಿಂದ ಆರಿಸಿ ತಂದವನು ನಾನು. 'ಬೇಡ ಅಣ್ಣ, ಹಳೇದು' ಅಂತ ನೀನು ಅವತ್ತೇ ಹೇಳಿದ್ದೆ." ಭಾವನ ದನಿ ಅಲ್ಲಿ ಒಡೆಯಿತು. "ಈ ಪೈಪು ನಂಬಿ ನಾನು ಆ ದಿಬ್ಬ ಇಳೀತಿದ್ದೆ."

ನಮ್ಮವರು ಬಂದು ಅಣ್ಣನ ಪಕ್ಕ ಕೂತರು. ತುಕ್ಕಿನ ಪುಡಿ ಕೈಯಲ್ಲಿ ಹಿಡಿದು ನೋಡಿದರು. ಆಮೇಲೆ ನಮ್ಮವರು, "ಅತ್ತಿಗೆ, ನಿಮ್ಮಿಂದ ನಮ್ಮಣ್ಣ ಉಳಿದ" ಎಂದರು. ಶುಕ್ರವಾರ ಬೆಳಗ್ಗಿನಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು, ನನಗೆ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು.

"ತಪ್ಪಾಯ್ತು ಕಣೋ" ಎಂದರು ಭಾವ.

"ಅದನ್ನ ಇನ್ನೊಂದು ಸಲ ಹೇಳು, ಚಾಳೀಸುಗೆ ಸರಿಯಾಗಿ ಕೇಳಿಸಿಲ್ಲ."

"ಒಂದು ಬಿಟ್ಟೆ ಅಂದ್ರೆ!"

ಅಕ್ಕ ಕಣ್ಣು ಒರೆಸಿಕೊಂಡು ನಕ್ಕಳು. ಭಾವ ಅವಳ ಕಡೆ ತಿರುಗಿ, "ನಾಳೆ ದಿಬ್ಬ ಇಳಿಯೋದು ಬೇಡ. ಕೆಳಗಿನ ಮೈದಾನದಲ್ಲಿ ಓಡಿಸೋಣ. ಹೊಸ ಪೈಪು ಹಾಕ್ತೀವಿ" ಎಂದರು. ತಡೆದು, ಮತ್ತೆ ಹೇಳಿದರು: "ಓಡಿಸೋಳು ನೀನು. ನಾನು ಪಕ್ಕದಲ್ಲಿ ಓಡಿ ಬರ್ತೀನಿ."

ಅತ್ತೆಯೂ ನಾನೂ ಮನೆಯೊಳಗೆ ಬಂದೆವು. ಅತ್ತೆ ಕುರ್ಚಿಗೆ ಒರಗಿ, ಕಾಲು ಚಾಚಿ, ದೊಡ್ಡದಾಗಿ ಉಸಿರು ಬಿಟ್ಟರು. ನಾನು ಚಹಾ ಮಾಡಿ ತಂದೆ. ಈ ಸಲ ಚೆಲ್ಲಲಿಲ್ಲ. ಲೋಟ ಅವರ ಕೈಗೆ ಕೊಡುವಷ್ಟರಲ್ಲಿ ಗೋದಾಮಿನಿಂದ ಕೂಗು ಕೇಳಿಸಿತು.

"ಹಾಗಲ್ಲ ಕಣೋ, ಓರೆ ಹಿಡಿ! ಭೂಗೋಳ ಪಾಠ ಅಂದ್ಕೊಂಡ್ಯಾ?"

"ನನ್ನ ಬೆಸುಗೆ ಗಟ್ಟಿ ಅಂತ ಈಗ ತಾನೆ ಒಪ್ಪಿಕೊಂಡೆ! ಕೊಡು ಇತ್ತ, ನಾನೇ ಹಾಕ್ತೀನಿ!"

"ನೀನು ಹಾಕಿದ್ರೆ ನಾನು ಮುಟ್ಟಲ್ಲ!"

"ಮುಟ್ಟಬೇಡ!"

ಸುತ್ತಿಗೆ ಬಿದ್ದ ಸದ್ದು. ಮತ್ತಷ್ಟು ಕೂಗಾಟ. ನಾನು ಗಾಬರಿಯಾಗಿ ಎದ್ದೆ.

"ಎಲ್ಲಿಗೆ ಹೊರಟೆ?" ಎಂದರು ಅತ್ತೆ.

"ಮತ್ತೆ ಶುರುವಾಯ್ತಲ್ಲ ಅತ್ತೆ! ಬಿಡಿಸಬೇಡ್ವಾ?"

ಅತ್ತೆ ಕಣ್ಣು ಮುಚ್ಚಿಕೊಂಡೇ ಆ ಕೂಗಾಟವನ್ನು ಇನ್ನೂ ಸ್ವಲ್ಪ ಹೊತ್ತು ಕೇಳಿದರು.

"ಕಿತ್ತಾಡ್ತಿದಾರಾ? ಸದ್ಯ" ಎಂದರು. "ಕೂತ್ಕೋ. ಚಹಾ ಕುಡಿ."